ಸೀರಿಯಲ್ ಪ್ರಿಂಟರ್ ಕೈಕೊಟ್ಟಾಗ: ಕಾಗದ ನೋಡಿ ದೋಷ ಹಿಡಿಯುವ ಕೈಪಿಡಿ

ಕಂಪ್ಯೂಟರ್ ಪರದೆಯಲ್ಲಿ ‘ಪ್ರಿಂಟ್ ಆಯಿತು’ ಅಂತ ಬಂದಿರುತ್ತದೆ. ಪ್ರಿಂಟರ್ ಮಾತ್ರ ಸುಮ್ನೆ ಕೂತಿರುತ್ತದೆ. ಇಲ್ಲವೇ ಒಂದಿಷ್ಟು ಕಸ ಅಚ್ಚಾಗುತ್ತದೆ. ಇಲ್ಲವೇ ಅರ್ಧ ಸರಿಯಾಗಿ ಬಂದು ಉಳಿದರ್ಧ ಎಲ್ಲೋ ಮಾಯವಾಗುತ್ತದೆ. ಇಷ್ಟಾದರೂ ಕಂಪ್ಯೂಟರ್ ಚಕಾರ ಎತ್ತುವುದಿಲ್ಲ. ಎತ್ತೋಣ ಅಂದರೂ ಅದಕ್ಕೆ ವಿಷಯವೇ ಗೊತ್ತಿರುವುದಿಲ್ಲ. ಸೀರಿಯಲ್ ಅಂದರೆ ಡೇಟಾದ ಬಿಟ್ಟುಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಕಳಿಸುವ ಸಂಪರ್ಕ. ಕಳಿಸಿದ ಬೈಟ್ (ಡೇಟಾದ ಪುಟ್ಟ ತುಣುಕು) ತಲುಪಿತು ಅಂತ ಮರಳಿ ತಿಳಿಸುವ ಏರ್ಪಾಡು ಸಾದಾ ಸೀರಿಯಲ್ ಸಂಪರ್ಕದಲ್ಲಿ ಇಲ್ಲ. ಕಂಪ್ಯೂಟರ್ ತಂತಿಯ ಮೇಲೆ ವೋಲ್ಟೇಜ್ ಏರಿಸಿ ಇಳಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಹಾಗಾಗಿ ಸುಳಿವು ಸಿಗುವುದು ಪರದೆಯಲ್ಲಲ್ಲ, ಕಾಗದದ ಮೇಲೆ. ಕಾಗದ ಖಾಲಿಯಿದ್ದರೆ ತಂತಿ ಮತ್ತು ಪೋರ್ಟ್ ನೋಡಬೇಕು. ಕಸ ಬಂದಿದ್ದರೆ ವೇಗ ಮತ್ತು ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಹೆಚ್ಚುವರಿ ಬಿಟ್). ಅರ್ಧ ಬಂದಿದ್ದರೆ ಫ್ಲೋ ಕಂಟ್ರೋಲ್, ಅಂದರೆ ಪ್ರಿಂಟರ್ ‘ತಡಿ’ ಅಂದಾಗ ಕಂಪ್ಯೂಟರ್ ನಿಲ್ಲುವ ಏರ್ಪಾಡು. ಇಷ್ಟು ವಿಂಗಡಿಸಿಕೊಂಡರೆ ಹುಡುಕುವ ಜಾಗ ತುಂಬಾ ಕಿರಿದಾಗುತ್ತದೆ. ಆದರೆ ಹೆಚ್ಚಿನವರು ಮಾಡುವುದೇ ಬೇರೆ. ಸೆಟ್ಟಿಂಗ್ ಪುಟ ತೆರೆದು ಸಿಕ್ಕಿದ್ದೆಲ್ಲ ಬದಲಿಸುತ್ತಾರೆ. ಒಂದಿದ್ದ ದೋಷ ಮೂರಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲ ಒಂದು ಪರೀಕ್ಷಾ ಪ್ರಿಂಟ್ ತೆಗೆಯಿರಿ. ಆ ಕಾಗದದ ಅಂಚಿನಲ್ಲಿ ಏನು ಬದಲಿಸಿದಿರಿ ಅಂತ ಪೆನ್ನಿನಲ್ಲಿ ಬರೆದಿಡಿ.

ಇಲ್ಲಿ ಹೇಳುವುದು ರಸೀದಿ ಪ್ರಿಂಟರ್, ಲೇಬಲ್ ಪ್ರಿಂಟರ್, ಡಾಟ್ ಮ್ಯಾಟ್ರಿಕ್ಸ್, ಯಂತ್ರಗಳ ಒಳಗೆ ಕೂತಿರುವ ಪುಟ್ಟ ಥರ್ಮಲ್ ಪ್ರಿಂಟರ್ ಎಲ್ಲಕ್ಕೂ ಹೊಂದುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಲವು ಯುಎಸ್‌ಬಿ ಪ್ರಿಂಟರುಗಳು ಕಂಪ್ಯೂಟರಿನಲ್ಲಿ ಕಾಮ್ ಪೋರ್ಟ್ (ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟಿನ ಹೆಸರು) ಥರ ಕಾಣಿಸಿಕೊಳ್ಳುತ್ತವೆ. ಅವುಗಳ ಒಳಗೆ ನಿಜವಾದ ಸೀರಿಯಲ್ ತಂತಿ ಇರುವುದಿಲ್ಲ. ಅಂಥದ್ದರಲ್ಲಿ ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಎಷ್ಟಿಟ್ಟರೂ ಒಂದೇ. ಅದರ ಹಿಂದೆ ಬಿದ್ದು ಸಮಯ ಹಾಳು ಮಾಡಿಕೊಳ್ಳಬೇಡಿ.

ಪ್ರಿಂಟರನ್ನು ಒಂಟಿಯಾಗಿ ಪರೀಕ್ಷಿಸಿ

ಕೇಬಲ್ ಕಿತ್ತಿಡಿ. ಫೀಡ್ ಬಟನ್ ಒತ್ತಿ ಹಿಡಿದುಕೊಂಡು ಪವರ್ ಆನ್ ಮಾಡಿ. ಹೆಚ್ಚಿನ ರಸೀದಿ ಪ್ರಿಂಟರುಗಳು ಸೆಲ್ಫ್ ಟೆಸ್ಟ್ ಪುಟ ಹೊರಗೆ ಹಾಕುತ್ತವೆ. ಅಚ್ಚು ಸರಿಯಾಗಿದೆಯೇ ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದೇ ಪುಟದಲ್ಲಿರುವ ಸೀರಿಯಲ್ ಸೆಟ್ಟಿಂಗ್: ಬಾಡ್ ರೇಟ್, ಡೇಟಾ ಬಿಟ್, ಪ್ಯಾರಿಟಿ, ಹ್ಯಾಂಡ್‌ಶೇಕ್ (ಫ್ಲೋ ಕಂಟ್ರೋಲಿನ ಇನ್ನೊಂದು ಹೆಸರು). ಕೈಪಿಡಿಯಲ್ಲಿ ಬರೆದಿರುವುದು ಕಾರ್ಖಾನೆಯಿಂದ ಹೊರಟಾಗಿನ ಕಥೆ. ಪ್ರಿಂಟರ್ ಇವತ್ತು ಏನು ನಂಬಿಕೊಂಡಿದೆ ಅನ್ನುವುದು ಈ ಪುಟದಲ್ಲಿ ಮಾತ್ರ ಸಿಗುತ್ತದೆ. ಈ ಕಾಗದ ಎಸೆಯಬೇಡಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಡಿಪ್ ಸ್ವಿಚ್ (ಸೆಟ್ಟಿಂಗ್ ಬದಲಿಸುವ ಪುಟ್ಟ ಸ್ವಿಚ್ಚುಗಳ ಸಾಲು) ಇರುವ ಪ್ರಿಂಟರಾದರೆ ಒಂದು ಎಚ್ಚರ. ಸ್ವಿಚ್ ಬದಲಿಸಿದ ಕೂಡಲೇ ಪ್ರಿಂಟರ್ ಅದನ್ನು ಓದುವುದಿಲ್ಲ. ಸಾಮಾನ್ಯವಾಗಿ ಪವರ್ ಆನ್ ಆಗುವಾಗ ಮಾತ್ರ ಓದುತ್ತದೆ. ಆಫ್ ಮಾಡಿ, ಬದಲಿಸಿ, ಆನ್ ಮಾಡಿ, ಮತ್ತೆ ಸೆಲ್ಫ್ ಟೆಸ್ಟ್ ತೆಗೆದು ಖಚಿತ ಮಾಡಿಕೊಳ್ಳಿ.

ಸೆಲ್ಫ್ ಟೆಸ್ಟೇ ಬರದಿದ್ದರೆ ಸೀರಿಯಲ್ ಗೊಡವೆ ಈಗ ಬೇಡ. ಪೇಪರ್ ರೋಲ್ ತಿರುವುಮುರುವು ಹಾಕಿರುವುದು, ಮುಚ್ಚಳ ಪೂರ್ತಿ ಕೂರದಿರುವುದು, ಅಡಾಪ್ಟರ್ ಸತ್ತಿರುವುದು, ಇವನ್ನೆಲ್ಲ ಮೊದಲು ನೋಡಿ.

ಕಾಗದ ಪೂರ್ತಿ ಖಾಲಿ

ಕಂಪ್ಯೂಟರ್ ಕಡೆಯಿಂದ ಶುರು ಮಾಡೋಣ. ಈ ಬೈಟುಗಳು ನಿಜಕ್ಕೂ ಈ ಪೋರ್ಟಿನಿಂದ ಹೊರಗೆ ಹೋಗುತ್ತಿವೆಯೇ? ಇದನ್ನು ತಿಳಿಯಲು ಲೂಪ್‌ಬ್ಯಾಕ್ ಪರೀಕ್ಷೆ ಮಾಡಬೇಕು. 9 ಪಿನ್ ಪೋರ್ಟಿನ 2 ಮತ್ತು 3ನೇ ಪಿನ್ನನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ. ಪುಟ್ಟಿಯಂಥ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಆ ಪೋರ್ಟ್ ತೆರೆದು, ಫ್ಲೋ ಕಂಟ್ರೋಲ್ ಆಫ್ ಮಾಡಿ, ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆಯಲ್ಲಿ ಕಾಣಿಸಬೇಕು. ತಂತಿ ತೆಗೆದಾಗ ನಿಲ್ಲಬೇಕು. ಈ ಎರಡನೆಯದನ್ನು ಬಿಡಬೇಡಿ. ತಂತಿ ತೆಗೆದ ಮೇಲೂ ಅಕ್ಷರ ಕಾಣಿಸುತ್ತಿದ್ದರೆ ಅದು ಪ್ರೋಗ್ರಾಮ್ ತಾನೇ ತೋರಿಸುತ್ತಿರುವ ಲೋಕಲ್ ಎಕೋ, ಪೋರ್ಟಿನಿಂದ ಬಂದದ್ದಲ್ಲ.

ಲೂಪ್‌ಬ್ಯಾಕ್ ಕೆಲಸ ಮಾಡದಿದ್ದರೆ ಕಾರಣ ಕಂಪ್ಯೂಟರ್ ಒಳಗೇ ಇದೆ. ವಿಂಡೋಸ್‌ನಲ್ಲಿ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಕಾಮ್ ನಂಬರ್ ಬದಲಾಗಬಹುದು. ನಿನ್ನೆ ಕಾಮ್ 3 ಇದ್ದದ್ದು ಇವತ್ತು ಕಾಮ್ 7. ಪ್ರಿಂಟರ್ ಡ್ರೈವರ್ ಇನ್ನೂ 3ಕ್ಕೇ ಕಳಿಸುತ್ತಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕನ್ವರ್ಟರ್ ಕಿತ್ತು ಮತ್ತೆ ಹಾಕಿ. ಯಾವ ಸಾಲು ಮಾಯವಾಗಿ ಮರಳಿ ಬರುತ್ತದೋ ಅದೇ ನಿಮ್ಮ ಪೋರ್ಟ್. ಪೋರ್ಟ್ ತೆರೆಯುವಾಗ ‘ಅನುಮತಿ ಇಲ್ಲ’ ಅಂತ ಬಂದರೆ ಇನ್ನೊಂದು ಪ್ರೋಗ್ರಾಮ್ ಅದನ್ನು ಹಿಡಿದುಕೊಂಡಿದೆ. ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ತೆರೆಯಬಹುದು.

ಲಿನಕ್ಸ್‌ನಲ್ಲಿ ಬೇರೆ ತರಲೆಗಳಿವೆ. ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರರು ಡಯಲ್‌ಔಟ್ ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟ್ ತೆರೆಯುವುದೇ ಇಲ್ಲ. ಉಬುಂಟು 22.04ರಲ್ಲಿ ಇನ್ನೊಂದು ವಿಚಿತ್ರ ಇತ್ತು. ಬ್ರೈಲ್ ಸಾಧನಗಳಿಗೆಂದು ಇರುವ ಬಿಆರ್‌ಎಲ್‌ಟಿಟಿವೈ ಅನ್ನುವ ಸೇವೆ, ಸಿಎಚ್340 ಚಿಪ್ ಇರುವ ಕನ್ವರ್ಟರನ್ನು ತನ್ನದೇ ಸಾಧನ ಅಂದುಕೊಂಡು ಕಿತ್ತುಕೊಳ್ಳುತ್ತಿತ್ತು. ಕನ್ವರ್ಟರ್ ಕ್ಷಣಮಾತ್ರ ಕಾಣಿಸಿ ಮರೆಯಾಗುತ್ತಿದ್ದರೆ ಈ ಸೇವೆಯ ಮೇಲೆ ಅನುಮಾನ ಪಡಿ. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಬಹುದು. ಇನ್ನು ಕನ್ವರ್ಟರ್ ಚುಚ್ಚಿದ ಕೂಡಲೇ ಪ್ರಿಂಟರ್ ತಾನಾಗಿ ‘ಎಟಿ’ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಅಚ್ಚು ಹಾಕಿತೇ? ಹೆದರಬೇಡಿ. ಮೋಡೆಮ್‌ಮ್ಯಾನೇಜರ್ ಅನ್ನುವ ಸೇವೆ ‘ನೀನು ಮೋಡೆಮ್ಮಾ?’ ಅಂತ ಕೇಳಿ ನೋಡಿದೆ, ಅಷ್ಟೆ. ಒಂದು ರೀತಿಯಲ್ಲಿ ಅದು ಒಳ್ಳೆಯ ಸುದ್ದಿ. ಆ ಎರಡು ಅಕ್ಷರ ಸರಿಯಾಗಿ ಬಂದವು ಅಂದರೆ ಕೇಬಲ್ ಸರಿಯಿದೆ ಅಂತ ಅರ್ಥ.

ಲೂಪ್‌ಬ್ಯಾಕ್ ಪಾಸಾಗಿ ಪ್ರಿಂಟ್ ಮಾತ್ರ ಬರದಿದ್ದರೆ ಆಗ ಕೇಬಲ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಸೀರಿಯಲ್ ಕೇಬಲ್ಲಿನಷ್ಟು ಮೋಸ ಮಾಡುವ ವಸ್ತು ಇನ್ನೊಂದಿಲ್ಲ. ಎರಡೂ ತುದಿ ಸಲೀಸಾಗಿ ಕೂರುತ್ತದೆ, ಒಳಗಿನ ತಂತಿ ಮಾತ್ರ ಬೇರೆ ಕಡೆ ಹೋಗಿರುತ್ತದೆ.

ಈ ಸೀರಿಯಲ್ ಸಂಪರ್ಕದ ಮಾನದಂಡವಾದ ಆರ್‌ಎಸ್-232 ಮೊದಲು ಬಂದದ್ದು 1960ರಲ್ಲಿ, ಟರ್ಮಿನಲ್ಲನ್ನು (ದೂರದ ಕಂಪ್ಯೂಟರಿಗೆ ಟೈಪ್ ಮಾಡುವ ಯಂತ್ರ) ಮೋಡೆಮ್‌ಗೆ (ಫೋನ್ ತಂತಿಯಲ್ಲಿ ಡೇಟಾ ಕಳಿಸುವ ಸಾಧನ) ಸೇರಿಸುವುದಕ್ಕೆ. ಅದರಲ್ಲಿ ಎರಡು ಜಾತಿ: ಟರ್ಮಿನಲ್ ಜಾತಿಯ ಸಾಧನ, ಮೋಡೆಮ್ ಜಾತಿಯ ಸಾಧನ. ಕಂಪ್ಯೂಟರ್ ಟರ್ಮಿನಲ್ ಜಾತಿ. ಪ್ರಿಂಟರೂ ಬಹುತೇಕ ಅದೇ ಜಾತಿ. ಒಂದೇ ಜಾತಿಯ ಎರಡನ್ನು ಸೇರಿಸಬೇಕಾದರೆ ಕಳಿಸುವ ತಂತಿಯನ್ನು ಕೇಳುವ ತಂತಿಗೆ ಅಡ್ಡ ಹಾಕಬೇಕು. ಅಂಥ ಕೇಬಲ್ಲಿಗೆ ನಲ್ ಮೋಡೆಮ್ ಕೇಬಲ್ ಅನ್ನುತ್ತಾರೆ.

ತಮಾಷೆ ಇರುವುದು ಪಿನ್ ನಂಬರುಗಳಲ್ಲಿ. 9 ಪಿನ್ ಪೋರ್ಟಿನಲ್ಲಿ ಕಂಪ್ಯೂಟರ್ ಕಳಿಸುವುದು 3ರಲ್ಲಿ, ಕೇಳುವುದು 2ರಲ್ಲಿ. 25 ಪಿನ್ ಪೋರ್ಟಿನಲ್ಲಿ ಅದೇ ಜಾತಿಯ ಸಾಧನ ಕಳಿಸುವುದು 2ರಲ್ಲಿ, ಕೇಳುವುದು 3ರಲ್ಲಿ. ಹಾಗಾಗಿ 9 ಪಿನ್ ಕಂಪ್ಯೂಟರಿನಿಂದ 25 ಪಿನ್ ಪ್ರಿಂಟರಿಗೆ ಹೋಗುವ ನಲ್ ಮೋಡೆಮ್ ಕೇಬಲ್ಲಿನಲ್ಲಿ 2ರಿಂದ 2ಕ್ಕೆ, 3ರಿಂದ 3ಕ್ಕೆ ನೇರ ತಂತಿ ಇರುತ್ತದೆ! ನಂಬರ್ ಅಡ್ಡಡ್ಡ ಇರುವುದು ಸಾದಾ ಮೋಡೆಮ್ ಕೇಬಲ್ಲಿನಲ್ಲಿ. ಮೀಟರ್ ಹಿಡಿದು ‘ನೇರ ಇದೆ, ಇದು ನಲ್ ಮೋಡೆಮ್ ಅಲ್ಲ’ ಅಂತ ಸರಿಯಾದ ಕೇಬಲ್ಲನ್ನೇ ಬದಿಗಿಡುವುದು ಆಗುತ್ತಲೇ ಇರುತ್ತದೆ. ಗ್ರೌಂಡ್ ತಂತಿ 9 ಪಿನ್ನಿನ 5ರಿಂದ 25 ಪಿನ್ನಿನ 7ಕ್ಕೆ ಹೋಗುತ್ತದೆ.

ಇಷ್ಟೆಲ್ಲ ನೆನಪಿಡುವ ಬದಲು ವೋಲ್ಟೇಜ್ ಅಳೆಯುವುದೇ ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಪ್ರೋಬ್ ಗ್ರೌಂಡ್ ಪಿನ್ನಿಗೆ. ಆರ್‌ಎಸ್-232ರಲ್ಲಿ ಕಳಿಸುವ ತಂತಿ ಏನೂ ಕಳಿಸದೆ ಸುಮ್ನಿರುವಾಗ ಮೈನಸ್ ವೋಲ್ಟೇಜಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12ರ ಒಳಗೆ. ಕೇಳುವ ಪಿನ್ನಿನಲ್ಲಿ ಸೊನ್ನೆಯ ಆಸುಪಾಸು. ಮೈನಸ್ ಇರುವುದು ಮಾತಾಡುವ ಪಿನ್, ಸೊನ್ನೆ ಇರುವುದು ಕೇಳಿಸಿಕೊಳ್ಳುವ ಪಿನ್. ಕೇಬಲ್ಲನ್ನು ಪ್ರಿಂಟರಿಗೆ ಮಾತ್ರ ಚುಚ್ಚಿ, ಕಂಪ್ಯೂಟರ್ ಕಡೆಯ 9 ಪಿನ್ ತುದಿಯನ್ನು ಅಳೆಯಿರಿ. 2ನೇ ತೂತಿನಲ್ಲಿ ಮೈನಸ್ ಬಂದರೆ ಕೇಬಲ್ ಸರಿ. 3ರಲ್ಲಿ ಬಂದರೆ ಇಬ್ಬರು ಮಾತಾಡುವವರು ಎದುರುಬದುರು ಕೂತಿದ್ದಾರೆ, ಕೇಳುವವರು ಯಾರೂ ಇಲ್ಲ. ಎರಡೂ ಕಡೆ ನಿಜವಾದ ಆರ್‌ಎಸ್-232 ಆಗಿದ್ದರೆ ಇದರಿಂದ ಪೋರ್ಟ್ ಸುಡುವುದಿಲ್ಲ, ಆದರೆ ಕೆಲಸವೂ ನಡೆಯುವುದಿಲ್ಲ. ಕಂಪ್ಯೂಟರ್ ಕಡೆ ಅಳೆಯುವಾಗ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಪೋರ್ಟ್ ತೆರೆದಿಟ್ಟುಕೊಳ್ಳಿ. ಕೆಲವು ಕನ್ವರ್ಟರುಗಳು ಪೋರ್ಟ್ ತೆರೆಯುವ ತನಕ ನಿದ್ದೆ ಮಾಡುತ್ತಿರುತ್ತವೆ.

ಇದೇ ಅಳತೆಯಿಂದ ಇನ್ನೊಂದು ಅಪಾಯವೂ ತಪ್ಪುತ್ತದೆ. ಯಂತ್ರದೊಳಗೆ ಕೂರಿಸುವ ಪುಟ್ಟ ಥರ್ಮಲ್ ಪ್ರಿಂಟರುಗಳಲ್ಲಿ ಹಲವು ಆರ್‌ಎಸ್-232 ಅಲ್ಲ, ಟಿಟಿಎಲ್ ಮಟ್ಟದವು, ಅಂದರೆ ಸೊನ್ನೆಯಿಂದ 5 ವೋಲ್ಟಿನ ಒಳಗೇ ಕೆಲಸ ಮಾಡುವವು. ಅವುಗಳ ಕಳಿಸುವ ತಂತಿ ಸುಮ್ನಿರುವಾಗ ಪ್ಲಸ್ 3.3 ಅಥವಾ ಪ್ಲಸ್ 5 ವೋಲ್ಟ್ ತೋರಿಸುತ್ತದೆ. ಅಂಥದ್ದಕ್ಕೆ ಕಂಪ್ಯೂಟರಿನ ಸೀರಿಯಲ್ ಪೋರ್ಟನ್ನು ನೇರ ಸೇರಿಸಿದರೆ ಒಳಗಿನ ಚಿಪ್ ಹೋಗಿಬಿಡಬಹುದು. ನಡುವೆ ಮ್ಯಾಕ್ಸ್232 ಅಥವಾ ಮ್ಯಾಕ್ಸ್3232 ಥರದ ಮಟ್ಟ ಬದಲಿಸುವ ಚಿಪ್ ಬೇಕೇ ಬೇಕು. ಮೊದಲು ಅಳೆಯಿರಿ, ಆಮೇಲೆ ಸೇರಿಸಿ. ಹಾಗೆಯೇ ಹಳೆಯ ಕಂಪ್ಯೂಟರಿನ ಹಿಂದೆ ಇರುವ 25 ತೂತಿನ ಕನೆಕ್ಟರ್ ಪ್ಯಾರಲಲ್ ಪೋರ್ಟ್. ಆಕಾರ ಹೊಂದುತ್ತದೆ ಅಂತ ಸೀರಿಯಲ್ ಪ್ರಿಂಟರನ್ನು ಅಲ್ಲಿಗೆ ಎಳೆಯಬೇಡಿ.

ಕಸ ಬರುತ್ತಿದೆ

ಕಸ ಬಂದರೆ ಖುಷಿಪಡಿ. ತಂತಿ ಸರಿಯಿದೆ, ಬೈಟು ತಲುಪುತ್ತಿದೆ, ಓದುವುದರಲ್ಲಿ ಮಾತ್ರ ತಪ್ಪು. ಮತ್ತೆ ಕಸದಲ್ಲೂ ಬೇರೆ ಬೇರೆ ಥರ ಇದೆ. ಅದನ್ನು ಓದುವುದಕ್ಕೆ ಬಂದರೆ ಊಹೆ ಮಾಡುವ ಕೆಲಸವೇ ಇಲ್ಲ.

ಒಂದು ಅಕ್ಷರ ತಂತಿಯ ಮೇಲೆ ಹೇಗೆ ಹೋಗುತ್ತದೆ ಅಂತ ನೋಡಿ. ಮೊದಲು ಒಂದು ಸ್ಟಾರ್ಟ್ ಬಿಟ್. ಆಮೇಲೆ 7 ಅಥವಾ 8 ಡೇಟಾ ಬಿಟ್, ಕೊನೆಯ ಬಿಟ್ಟಿನಿಂದ ಶುರುವಾಗಿ. ಬೇಕಿದ್ದರೆ ಒಂದು ಪ್ಯಾರಿಟಿ ಬಿಟ್. ಕೊನೆಗೆ ಸ್ಟಾಪ್ ಬಿಟ್. 9600 ವೇಗದಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್ ಇರುತ್ತದೆ. ಪ್ರಿಂಟರಿಗೆ ಬೇರೆ ಗಡಿಯಾರದ ತಂತಿ ಇಲ್ಲ. ಸ್ಟಾರ್ಟ್ ಬಿಟ್ ಕಂಡ ಕ್ಷಣದಿಂದ ತನ್ನದೇ ಗಡಿಯಾರದಲ್ಲಿ ಎಣಿಸಿ, ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ಇಣುಕಿ ನೋಡುತ್ತದೆ. ಎರಡೂ ಕಡೆಯ ವೇಗ ಶೇಕಡಾ 2ರಷ್ಟು ಆಚೀಚೆ ಇದ್ದರೂ ನಡೆಯುತ್ತದೆ. ದುಪ್ಪಟ್ಟು ವ್ಯತ್ಯಾಸ ಇದ್ದರೆ ಎಲ್ಲ ಕೆಡುತ್ತದೆ.

ವೇಗ ತಪ್ಪಿದ್ದರೆ ಒಂದು ಅಕ್ಷರವೂ ಸರಿಯಾಗಿ ಬರುವುದಿಲ್ಲ. ಬಂದ ಕಸವನ್ನು ಎಣಿಸಿ. ನೀವು ಕಳಿಸಿದ್ದಕ್ಕಿಂತ ಜಾಸ್ತಿ ಅಕ್ಷರ ಬಂದಿದ್ದರೆ ಸಾಮಾನ್ಯವಾಗಿ ಪ್ರಿಂಟರಿನ ವೇಗ ಕಂಪ್ಯೂಟರಿಗಿಂತ ಹೆಚ್ಚಿಗೆ ಇಟ್ಟಿದೆ: ಒಂದು ಉದ್ದ ಬಿಟ್ಟನ್ನು ಅದು ಹಲವು ಬಿಟ್ ಅಂತ ಓದುತ್ತಿದೆ. ಕಡಿಮೆ ಬಂದಿದ್ದರೆ ಉಲ್ಟಾ. ಎಪ್ಸನ್ನಿನ ಹಲವು ರಸೀದಿ ಪ್ರಿಂಟರುಗಳಲ್ಲಿ ತಪ್ಪಾಗಿ ಬಂದ ಬೈಟಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಚ್ಚು ಹಾಕುವ, ಇಲ್ಲವೇ ಅದನ್ನು ಸದ್ದಿಲ್ಲದೆ ನುಂಗುವ ಆಯ್ಕೆ ಡಿಪ್ ಸ್ವಿಚ್ಚಿನಲ್ಲಿದೆ. ದೋಷ ಹುಡುಕುವಾಗ ಚಿಹ್ನೆ ಹಾಕುವ ಕಡೆಗೇ ಇಟ್ಟುಕೊಳ್ಳಿ.

ಪ್ಯಾರಿಟಿ ತಪ್ಪಿದಾಗ ಬರುವ ಕಸ ಬೇರೆ ಥರ. ಅರ್ಧ ಅಕ್ಷರ ಸರಿ, ಅರ್ಧ ತಪ್ಪು. ನೋಡಿದವರು ಕೇಬಲ್ ಲೂಸ್ ಇದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಟರ್ಮಿನಲ್ಲಿನಿಂದ 0123456789 ಕಳಿಸಿ. ಕಾಗದದ ಮೇಲೆ ಹೀಗೆ ಬಂತು ಅಂತಿಟ್ಟುಕೊಳ್ಳಿ:

0▒▓3┤56╖╕9

0, 3, 5, 6, 9 ಸರಿಯಾಗಿವೆ. 1, 2, 4, 7, 8 ಕೆಟ್ಟಿವೆ. ಎಷ್ಟು ಸಲ ಕಳಿಸಿದರೂ ಅವೇ ಕೆಡುತ್ತವೆ. ಲೂಸ್ ಕೇಬಲ್ ಇಷ್ಟು ಅಚ್ಚುಕಟ್ಟಾಗಿ ಆರಿಸಿ ಕೆಡಿಸುವುದಿಲ್ಲ ಅಲ್ವಾ? ಕಾರಣ ಇದು. ಕಂಪ್ಯೂಟರ್ 7 ಡೇಟಾ ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸುತ್ತಿದೆ. ಪ್ರಿಂಟರ್ 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ ಅಂದುಕೊಂಡಿದೆ. ಎರಡರಲ್ಲೂ ಒಟ್ಟು ಉದ್ದ 10 ಬಿಟ್, ಹಾಗಾಗಿ ಲೆಕ್ಕ ಎಲ್ಲೂ ಜಾರುವುದಿಲ್ಲ. ಆದರೆ ಪ್ಯಾರಿಟಿ ಬಿಟ್ಟನ್ನು ಪ್ರಿಂಟರ್ ಎಂಟನೇ ಡೇಟಾ ಬಿಟ್ ಅಂತ ಓದುತ್ತದೆ. 3ರ ಸಂಕೇತ 51, ಅಂದರೆ 0110011. ಅದರಲ್ಲಿ ನಾಲ್ಕು ಒಂದುಗಳಿವೆ, ಸಮಸಂಖ್ಯೆ. ಪ್ಯಾರಿಟಿ ಬಿಟ್ ಸೊನ್ನೆ, ಅಕ್ಷರ ಕೆಡಲಿಲ್ಲ. 1ರ ಸಂಕೇತ 49, ಅಂದರೆ 0110001. ಮೂರು ಒಂದುಗಳು. ಸಮ ಮಾಡುವುದಕ್ಕೆ ಪ್ಯಾರಿಟಿ ಬಿಟ್ ಒಂದಾಯಿತು. ಪ್ರಿಂಟರ್ ಅದಕ್ಕೆ 128 ಸೇರಿಸಿ 177 ಅಂತ ಓದಿತು. ಹಳೆಯ ಪಿಸಿಗಳ 437ನೇ ಕೋಡ್ ಪೇಜಿನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ) 177 ಅಂದರೆ ಆ ಚುಕ್ಕೆ ಚುಕ್ಕೆ ಚೌಕ.

ಇದರ ಉಲ್ಟಾ ಗುಂಪು ಕೆಟ್ಟಿದ್ದರೆ, ಅಂದರೆ 1, 2, 4, 7, 8 ಸರಿ ಬಂದು ಉಳಿದವು ಕೆಟ್ಟಿದ್ದರೆ, ಕಂಪ್ಯೂಟರ್ ಆಡ್ ಪ್ಯಾರಿಟಿಯಲ್ಲಿದೆ. ಇನ್ನು ಕೆಟ್ಟ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಯೇ ಬಂದಿದ್ದರೆ ಪ್ಯಾರಿಟಿ ತಪಾಸಣೆ ಪ್ರಿಂಟರ್ ಕಡೆ ನಡೆಯುತ್ತಿದೆ, ಕಂಪ್ಯೂಟರ್ ಪ್ಯಾರಿಟಿ ಇಲ್ಲದೆ ಕಳಿಸುತ್ತಿದೆ. ಹತ್ತು ಅಂಕಿ ಕಳಿಸಿ ಇಷ್ಟು ವಿಷಯ ತಿಳಿಯಬಹುದಾದರೆ ಸೆಟ್ಟಿಂಗುಗಳನ್ನು ಒಂದೊಂದಾಗಿ ಹಚ್ಚಿ ನೋಡುವುದು ಯಾಕೆ ಬೇಕು?

ಸ್ಟಾಪ್ ಬಿಟ್ 1 ಅಥವಾ 2 ಅನ್ನುವುದರಿಂದ ತೊಂದರೆ ಬರುವುದು ಅಪರೂಪ. ಅದನ್ನು ಕೊನೆಗೆ ನೋಡಿ.

ಮೂರನೇ ಥರದ ಕಸ ಸೀರಿಯಲ್ ದೋಷವೇ ಅಲ್ಲ. ಇಂಗ್ಲಿಷ್, ಅಂಕಿ ಎಲ್ಲ ಸರಿಯಾಗಿ ಬಂದು ಕನ್ನಡ ಮಾತ್ರ ಕೆಟ್ಟರೆ ಅದು ಎನ್‌ಕೋಡಿಂಗ್ ಸಮಸ್ಯೆ, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ ಎರಡೂ ಕಡೆ ಬೇರೆ ಬೇರೆ. ಕಂಪ್ಯೂಟರ್ ಬಳಸುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ‘ಕ’ ಅಕ್ಷರ 224, 178, 149 ಅನ್ನುವ ಮೂರು ಬೈಟ್. 437ನೇ ಕೋಡ್ ಪೇಜಿನ ಪ್ರಿಂಟರ್ ಅದನ್ನು ಮೂರು ಬೇರೆ ಬೇರೆ ಅಕ್ಷರವಾಗಿ ಹಾಕುತ್ತದೆ: ಮೊದಲು α, ಆಮೇಲೆ ▓, ಆಮೇಲೆ ಇನ್ನೊಂದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ 224ರಿಂದಲೇ ಶುರುವಾಗುತ್ತದೆ. ಹಾಗಾಗಿ ಕಾಗದದ ತುಂಬ ಆಲ್ಫಾ ಚಿಹ್ನೆ ಸಾಲುಗಟ್ಟಿ ನಿಂತಿದ್ದರೆ ಬಾಡ್ ರೇಟ್ ಮುಟ್ಟಬೇಡಿ. ಪ್ರಿಂಟರಿನಲ್ಲಿ ಆ ಲಿಪಿಯ ಫಾಂಟ್ ಇಲ್ಲದಿದ್ದರೆ ಪಠ್ಯವನ್ನು ಚಿತ್ರವಾಗಿ ಮಾಡಿ ಕಳಿಸುವುದೇ ದಾರಿ. ಅದರಿಂದ ಡೇಟಾ ಎಷ್ಟು ಜಾಸ್ತಿಯಾಗುತ್ತದೆ ಅನ್ನುವುದು ಮುಂದೆ ಬರುತ್ತದೆ.

ಯಾವ ಥರದ ಕಸ ಅಂತ ಗೊತ್ತಾಗದಿದ್ದರೆ ಹೆಕ್ಸ್ ಡಂಪ್ ಇದೆ. ಇದರಲ್ಲಿ ಪ್ರಿಂಟರ್ ತನಗೆ ಬಂದ ಬೈಟುಗಳನ್ನು ಆಜ್ಞೆ ಅಂತ ಪಾಲಿಸದೆ, ಸಂಖ್ಯೆಯಾಗಿ ಅಚ್ಚು ಹಾಕುತ್ತದೆ. ಎಪ್ಸನ್ನಿನ ಟಿಎಂ ಸರಣಿಯ ಹಲವು ಪ್ರಿಂಟರುಗಳಲ್ಲಿ ಮುಚ್ಚಳ ತೆರೆದು, ಫೀಡ್ ಒತ್ತಿ ಹಿಡಿದು ಆನ್ ಮಾಡಿ, ಮುಚ್ಚಳ ಹಾಕಬೇಕು. ಜೀಬ್ರಾ ಲೇಬಲ್ ಪ್ರಿಂಟರುಗಳ ಇಂಥದ್ದೇ ಪರೀಕ್ಷೆಯಲ್ಲಿ ದೋಷದ ಜಾತಿಯೂ ಅಚ್ಚಾಗುತ್ತದೆ. ಎಫ್‌ಇ ಅಂದರೆ ಫ್ರೇಮಿಂಗ್ ತಪ್ಪು (ಸ್ಟಾಪ್ ಬಿಟ್ ಇರಬೇಕಾದ ಜಾಗದಲ್ಲಿ ಸಿಗಲಿಲ್ಲ), ವೇಗ ನೋಡಿ. ಪಿಇ ಅಂದರೆ ಪ್ಯಾರಿಟಿ. ಒಇ ಅಂದರೆ ಬೈಟು ಬಂದ ವೇಗಕ್ಕೆ ಓದಿಕೊಳ್ಳಲು ಆಗಲಿಲ್ಲ.

ಒಂದು ಮಾತು ಬಿಟ್ಟುಹೋಗುವ ಮುಂಚೆ: ಬಾಡ್ ರೇಟ್ ವಿಂಡೋಸ್‌ನಲ್ಲಿ ಹಲವು ಕಡೆ ಕಾಣಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಇದೆ, ಪ್ರಿಂಟರಿನ ಪೋರ್ಟ್ ಪುಟದಲ್ಲಿ ಇದೆ, ಬಿಲ್ಲಿಂಗ್ ತಂತ್ರಾಂಶದ ಒಳಗೂ ಇರಬಹುದು. ಪೋರ್ಟನ್ನು ನೇರವಾಗಿ ತೆರೆಯುವ ತಂತ್ರಾಂಶ ತನ್ನದೇ ಸೆಟ್ಟಿಂಗ್ ಹಾಕಿಕೊಳ್ಳುತ್ತದೆ, ಡಿವೈಸ್ ಮ್ಯಾನೇಜರ್ ಮಾತು ಕೇಳುವುದಿಲ್ಲ. ವಿಂಡೋಸ್ ಟೆಸ್ಟ್ ಪೇಜ್ ಚೆನ್ನಾಗಿ ಬಂದು ಬಿಲ್ ಮಾತ್ರ ಕಸವಾದರೆ ನೋಡಬೇಕಾದ್ದು ತಂತ್ರಾಂಶದ ಸೆಟ್ಟಿಂಗ್.

ಅರ್ಧ ಬಂದು ನಿಲ್ಲುತ್ತಿದೆ, ನಡುವೆ ಸಾಲು ಮಾಯ

ಇದು ಎಲ್ಲಕ್ಕಿಂತ ತಲೆ ತಿನ್ನುವ ದೋಷ. ಚಿಕ್ಕ ಬಿಲ್ ಸದಾ ಸರಿ ಬರುತ್ತದೆ. ಉದ್ದ ಬಿಲ್ಲಿನಲ್ಲಿ ನಡುವೆ ಎಲ್ಲೋ ಸಾಲು ಹಾರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಮೇಲೆ ಒಂದು ಲೋಗೋ ಸೇರಿಸಿದ ದಿನದಿಂದ ಶುರುವಾಗಬಹುದು.

ಲೆಕ್ಕ ಹಾಕೋಣ. 9600 ವೇಗದಲ್ಲಿ, ಒಂದು ಅಕ್ಷರಕ್ಕೆ 10 ಬಿಟ್‌ನಂತೆ, ಸೆಕೆಂಡಿಗೆ 960 ಬೈಟ್ ಬರುತ್ತದೆ. ಪ್ರಿಂಟರಿನ ಬಫರ್, ಅಂದರೆ ಬಂದದ್ದನ್ನು ಅಚ್ಚಾಗುವ ತನಕ ಇಟ್ಟುಕೊಳ್ಳುವ ಜಾಗ, 4096 ಬೈಟ್ ಅಂತಿಟ್ಟುಕೊಳ್ಳಿ. ಚಿಕ್ಕ ಬಿಲ್ ಪೂರ್ತಿಯಾಗಿ ಅದರೊಳಗೆ ಹಿಡಿಯುತ್ತದೆ. ಪ್ರಿಂಟರ್ ಎಷ್ಟು ನಿಧಾನ ಇದ್ದರೂ ಏನೂ ಕಳೆಯುವುದಿಲ್ಲ. ಬಫರಿಗಿಂತ ದೊಡ್ಡದು ಬಂದಾಗ ಪ್ರಿಂಟರ್ ‘ತಡಿ’ ಅನ್ನಬೇಕು, ಕಂಪ್ಯೂಟರ್ ಆ ಮಾತು ಕೇಳಬೇಕು. ಇದೇ ಫ್ಲೋ ಕಂಟ್ರೋಲ್. ತುಂಬಿದ ಕೊಡಕ್ಕೆ ನಲ್ಲಿ ನಿಲ್ಲಿಸದೆ ಬಿಟ್ಟ ಹಾಗೆ, ಈ ಮಾತು ಕೇಳಿಸದಿದ್ದರೆ ಹೆಚ್ಚಿನದೆಲ್ಲ ಹೊರಗೆ.

‘ತಡಿ’ ಅನ್ನುವುದಕ್ಕೆ ಎರಡು ದಾರಿ. ಒಂದು ಹಾರ್ಡ್‌ವೇರ್: ಪ್ರಿಂಟರ್ ‘ನಾನು ಸಿದ್ಧ’ ಅಂತ ಹೇಳುವ ತನ್ನ ಡಿಟಿಆರ್ ತಂತಿಯನ್ನು ಪ್ಲಸ್ ವೋಲ್ಟೇಜಿನಿಂದ ಮೈನಸ್‌ಗೆ ಇಳಿಸುತ್ತದೆ. ಇನ್ನೊಂದು ಸಾಫ್ಟ್‌ವೇರ್: ಪ್ರಿಂಟರ್ 19 ಅನ್ನುವ ಬೈಟ್ ಕಳಿಸಿದರೆ ನಿಲ್ಲು, 17 ಕಳಿಸಿದರೆ ಮುಂದುವರಿ. ಎಕ್ಸಾಫ್, ಎಕ್ಸಾನ್ ಅನ್ನುವುದು ಇವನ್ನೇ. ಎರಡೂ ಕಡೆ ಒಂದೇ ವಿಧಾನ ಇರಬೇಕು. ಪ್ರಿಂಟರ್ ತಂತಿ ಇಳಿಸುತ್ತಾ ಕಂಪ್ಯೂಟರ್ 19ಕ್ಕೆ ಕಾಯುತ್ತಾ ಕೂತರೆ ಚಿಕ್ಕ ಬಿಲ್ಲಿನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ.

ತಂತಿ ಪರೀಕ್ಷೆ ಸುಲಭ. ಕೇಬಲ್ಲನ್ನು ಪ್ರಿಂಟರಿಗೆ ಚುಚ್ಚಿ, ಪ್ರಿಂಟರ್ ಆನ್ ಮಾಡಿ. ಕಂಪ್ಯೂಟರ್ ತುದಿಯಲ್ಲಿ 8ನೇ ಪಿನ್, ಅಂದರೆ ಪ್ರಿಂಟರಿನ ಡಿಟಿಆರ್ ತಂತಿ ಬಂದು ಸೇರುವ ಸಿಟಿಎಸ್ (‘ಕಳಿಸಬಹುದು’ ಅನ್ನುವ ಸೂಚನೆ), ಗ್ರೌಂಡಿಗೆ ಎಷ್ಟು ವೋಲ್ಟ್ ಇದೆ ನೋಡಿ. ಪ್ಲಸ್ ಇರಬೇಕು. ಈಗ ಪ್ರಿಂಟರಿನ ಮುಚ್ಚಳ ತೆರೆಯಿರಿ. ಮೈನಸ್‌ಗೆ ಹೊರಳಿದರೆ ಆ ತಂತಿ ಬದುಕಿದೆ. ಹೊರಳದಿದ್ದರೆ ಗಾಬರಿ ಬೇಡ. ಬಫರ್ ತುಂಬಿದಾಗ ಮಾತ್ರ ಹೊರಳುವಂತೆ ಕೆಲವು ಪ್ರಿಂಟರುಗಳನ್ನು ಹೊಂದಿಸಿರುತ್ತಾರೆ. ಆ ಸೆಟ್ಟಿಂಗ್ ನೋಡಿಕೊಳ್ಳಿ. ಆದರೆ 8ರಲ್ಲಿ ಮೊದಲಿನಿಂದಲೇ ಸೊನ್ನೆ ಇದ್ದರೆ ಆ ತಂತಿಯೇ ಇಲ್ಲ.

ಅಗ್ಗದ ಕೇಬಲ್ಲುಗಳಲ್ಲಿ ಮೂರೇ ತಂತಿ ಇರುತ್ತದೆ. ಕಂಪ್ಯೂಟರ್ ‘ಸಿಟಿಎಸ್ ಬರಲಿ’ ಅಂತ ಕಾಯುತ್ತಾ ಏನೂ ಕಳಿಸದೆ ಕೂತುಬಿಡಬಾರದು ಅಂತ ಕೆಲವು ಕೇಬಲ್ಲುಗಳಲ್ಲಿ ‘ಕಳಿಸಲೇ?’ ಅಂತ ಕೇಳುವ 7ನೇ ಪಿನ್ ಮತ್ತು 8ನೇ ಪಿನ್ನುಗಳನ್ನು ಅದೇ ತುದಿಯಲ್ಲಿ ಒಳಗೊಳಗೇ ಸೇರಿಸಿಬಿಟ್ಟಿರುತ್ತಾರೆ. ಕಂಪ್ಯೂಟರ್ ತಾನೇ ಕೇಳಿ, ತಾನೇ ‘ಹೂಂ, ಕಳಿಸು’ ಅಂದುಕೊಳ್ಳುತ್ತದೆ. ನನ್ನ ಕೇಳಿದರೆ ಇದು ದುರಸ್ತಿಯಲ್ಲ, ದೋಷವನ್ನು ಬಚ್ಚಿಡುವ ಕೆಲಸ. ಮೂರೇ ತಂತಿಯ ಕೇಬಲ್ ಅನಿವಾರ್ಯವಾದರೆ ಎರಡೂ ಕಡೆ ಎಕ್ಸಾನ್-ಎಕ್ಸಾಫ್ ಹಾಕಿ. ಪ್ರಿಂಟರಿನಿಂದ ಕಂಪ್ಯೂಟರಿಗೆ ಬರುವ ತಂತಿ ಕೇಬಲ್ಲಿನಲ್ಲಿ ನಿಜಕ್ಕೂ ಇದೆಯೇ ಅಂತಲೂ ನೋಡಿ. ಇಲ್ಲದಿದ್ದರೆ 19 ಬರುವುದಾದರೂ ಹೇಗೆ?

ಆಯ್ಕೆ ಇದ್ದರೆ ನಾನು ಹಾರ್ಡ್‌ವೇರ್ ವಿಧಾನವನ್ನೇ ಹಿಡಿಯುತ್ತೇನೆ, ಅದರಲ್ಲೂ ನಡುವೆ ಯುಎಸ್‌ಬಿ ಕನ್ವರ್ಟರ್ ಇದ್ದಾಗ. ಕಾರಣ ತಡ. ಎಫ್‌ಟಿಡಿಐ ಕಂಪನಿಯ ಕನ್ವರ್ಟರ್ ಚಿಪ್ಪಿನ ಡ್ರೈವರಿನಲ್ಲಿ, ಬಂದ ಬೈಟುಗಳನ್ನು ಕಂಪ್ಯೂಟರಿಗೆ ಒಪ್ಪಿಸುವ ಮೊದಲು ಕಾಯುವ ಸಮಯ ಸಾಮಾನ್ಯವಾಗಿ 16 ಮಿಲಿಸೆಕೆಂಡ್ ಇರುತ್ತದೆ. ‘ನಿಲ್ಲು’ ಅನ್ನುವ ಬೈಟನ್ನು ಗುರುತಿಸುವ ಕೆಲಸ ಚಿಪ್ ಬದಲು ಕಂಪ್ಯೂಟರಿನಲ್ಲಿ ನಡೆಯುತ್ತಿದ್ದರೆ ಈ 16 ಮಿಲಿಸೆಕೆಂಡ್ ಬೈಟು ಹರಿಯುತ್ತಲೇ ಇರುತ್ತದೆ. 9600ರಲ್ಲಿ ಅದು 15 ಬೈಟ್, ಪರವಾಗಿಲ್ಲ. 115200ರಲ್ಲಿ 184 ಬೈಟ್. ಬಫರಿನಲ್ಲಿ 128 ಬೈಟ್ ಜಾಗ ಉಳಿದಾಗ ‘ನಿಲ್ಲು’ ಅನ್ನುವ ಪ್ರಿಂಟರಾದರೆ ಅಷ್ಟರಲ್ಲೇ ತುಂಬಿ ಚೆಲ್ಲಿತು. ನಿಧಾನ ವೇಗದಲ್ಲಿ ಸರಿ, ಜೋರು ವೇಗದಲ್ಲಿ ಸಾಲು ಮಾಯ ಅನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಹಾಗಂತ ಎಲ್ಲವನ್ನೂ 9600ರಲ್ಲಿ ಇಟ್ಟರೆ ಚಿತ್ರ ಕಳಿಸುವಾಗ ಕಷ್ಟ. 576 ಚುಕ್ಕೆ ಅಗಲದ ಪ್ರಿಂಟರಿನಲ್ಲಿ ಒಂದು ಗೆರೆಗೆ 72 ಬೈಟ್. 200 ಗೆರೆ ಎತ್ತರದ ಲೋಗೋ ಅಂದರೆ 14,400 ಬೈಟ್. 9600ರಲ್ಲಿ ಅದಕ್ಕೆ 15 ಸೆಕೆಂಡ್ ಬೇಕು, 115200ರಲ್ಲಿ ಒಂದೂಕಾಲು ಸೆಕೆಂಡ್. ಲೋಗೋದಲ್ಲಿ ಅಡ್ಡ ಬಿಳಿ ಗೆರೆ ಬೀಳುತ್ತಾ, ಪ್ರಿಂಟರ್ ಗಕ್ಕನೆ ನಿಂತು ನಿಂತು ಹೊರಡುತ್ತಿದ್ದರೆ ಡೇಟಾ ಕಳೆದಿಲ್ಲ, ತಡವಾಗಿ ಬರುತ್ತಿದೆ. ಒಂದೇ ಲೋಗೋ ಪ್ರತಿ ಸಲ ಕಳಿಸುವ ಬದಲು ಪ್ರಿಂಟರಿನ ಮೆಮೊರಿಯಲ್ಲೇ ಉಳಿಸಿಡುವ ಸೌಲಭ್ಯ ಹಲವು ಪ್ರಿಂಟರುಗಳಲ್ಲಿದೆ.

ಪಠ್ಯ ಸರಿ ಬಂದು ಚಿತ್ರ ಮಾತ್ರ ಓರೆಯಾಗಿ ಹರಡಿಕೊಂಡರೆ ಅದು ಬೇರೆ ಕಥೆ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಸಾಮಾನ್ಯ ಸ್ಥಿತಿಯಲ್ಲಿ 10 ಅನ್ನುವ ಪ್ರತಿ ಬೈಟಿನ ಮುಂದೆ 13 ಸೇರಿಸುತ್ತದೆ, ಹೊಸ ಸಾಲು ಸರಿಯಾಗಿ ಶುರುವಾಗಲಿ ಅಂತ. ಪಠ್ಯಕ್ಕೆ ಒಳ್ಳೆಯದೇ. ಆದರೆ ಚಿತ್ರದ ನಡುವೆ 10 ಬಂದರೆ ಅಲ್ಲೂ ಒಂದು ಬೈಟ್ ತೂರುತ್ತದೆ, ಅಲ್ಲಿಂದ ಮುಂದೆ ಎಲ್ಲ ಒಂದು ಹೆಜ್ಜೆ ಸರಿಯುತ್ತದೆ. ಎಸ್‌ಟಿಟಿವೈ ಆಜ್ಞೆಯಲ್ಲಿ ಪೋರ್ಟನ್ನು ‘ರಾ’ ಸ್ಥಿತಿಗೆ ಹಾಕಿದರೆ ಸರಿಯಾಗುತ್ತದೆ. ರಾ ಮಾಡಿದ ಮೇಲೆ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತಾ ಹೋದರೆ 13ನ್ನು ನಿಮ್ಮ ಪ್ರೋಗ್ರಾಮೇ ಕಳಿಸಬೇಕು.

ಕೊನೆಯ ಎರಡು ಸಾಲು ಮತ್ತು ಕಾಗದ ಕತ್ತರಿಸುವ ಆಜ್ಞೆ ಮಾತ್ರ ಕಳೆದುಹೋಗುತ್ತಿದ್ದರೆ, ಪ್ರೋಗ್ರಾಮ್ ಪೋರ್ಟನ್ನು ಅವಸರದಲ್ಲಿ ಮುಚ್ಚುತ್ತಿದೆ. ಬೈಟೆಲ್ಲ ಹೊರಹೋಗುವ ತನಕ ಕಾದು ಮುಚ್ಚುವಂತೆ ಬದಲಿಸಿ.

ಪ್ರಿಂಟರಿನಿಂದ ಉತ್ತರ ಕೇಳಿ

ಇಎಸ್‌ಸಿ-ಪಿಒಎಸ್ ಅನ್ನುವ ರಸೀದಿ ಪ್ರಿಂಟರ್ ಆಜ್ಞೆಗಳನ್ನು ತಿಳಿಯುವ ಪ್ರಿಂಟರಾದರೆ ಒಂದೇ ಏಟಿಗೆ ಎಲ್ಲ ಪರೀಕ್ಷಿಸುವ ಉಪಾಯ ಇದೆ. 16, 4, 1 ಅನ್ನುವ ಮೂರು ಬೈಟ್ ಕಳಿಸಿ. ಪ್ರಿಂಟರ್ ಒಂದು ಬೈಟ್ ಉತ್ತರ ಕೊಡಬೇಕು. 18 ಅಥವಾ 22 ಬಂದರೆ ಪ್ರಿಂಟರ್ ಆನ್‌ಲೈನ್ ಇದೆ. ಈ ಎರಡರ ನಡುವಿನ 4ರ ವ್ಯತ್ಯಾಸ ಹಣದ ಪೆಟ್ಟಿಗೆಯ ಕನೆಕ್ಟರಿನದು, ತಲೆ ಕೆಡಿಸಿಕೊಳ್ಳಬೇಡಿ. ಇವುಗಳಿಗೆ 8 ಸೇರಿ 26 ಅಥವಾ 30 ಬಂದರೆ ಆಫ್‌ಲೈನ್. 16, 4, 4 ಕಳಿಸಿದರೆ ಕಾಗದದ ಸ್ಥಿತಿ ಬರುತ್ತದೆ: 18 ಅಂದರೆ ಕಾಗದ ಇದೆ, 30 ಅಂದರೆ ಮುಗಿಯುತ್ತಾ ಬಂದಿದೆ. ಈ ಉತ್ತರಗಳಲ್ಲಿ ಕೊನೆಯ ಬಿಟ್ ಯಾವಾಗಲೂ ಸೊನ್ನೆ, ಅಂದರೆ ಯಾವಾಗಲೂ ಸಮಸಂಖ್ಯೆ. 17 ಮತ್ತು 19ರ ಜೊತೆ ಎಂದೂ ಗೊಂದಲವಾಗುವುದಿಲ್ಲ.

ಸರಿಯಾದ ಉತ್ತರ ಬಂತು ಅಂದರೆ ಹೋಗುವ ತಂತಿ, ಬರುವ ತಂತಿ, ವೇಗ, ಪ್ಯಾರಿಟಿ ನಾಲ್ಕೂ ಸರಿ. ಕಾಗದದ ಮೇಲೆ ಪ್ರಿಂಟ್ ಬರುತ್ತಿದ್ದು ಉತ್ತರ ಮಾತ್ರ ಬಾರದಿದ್ದರೆ ಕಂಪ್ಯೂಟರ್ ಕಡೆಯ 2ನೇ ಪಿನ್ನಿಗೆ ಬರುವ ತಂತಿ ತುಂಡಾಗಿದೆ, ಇಲ್ಲವೇ ಕೇಬಲ್ಲಿನಲ್ಲಿ ಅದು ಇರಲೇ ಇಲ್ಲ.

ಯಾವಾಗಲೋ ಒಮ್ಮೆ ಬರುವ ದೋಷ

ಎಲ್ಲ ಸರಿಯಿದ್ದು ದಿನಕ್ಕೊಮ್ಮೆ ಒಂದೆರಡು ಅಕ್ಷರ ಕೆಟ್ಟರೆ ಕೇಬಲ್ ಉದ್ದ ನೋಡಿ. ಆರ್‌ಎಸ್-232ಕ್ಕೆ ಹಿಂದಿನಿಂದ ಹೇಳಿಕೊಂಡು ಬಂದಿರುವ ಮಿತಿ 50 ಅಡಿ, ಸುಮಾರು 15 ಮೀಟರ್. ಕಡಿಮೆ ವೇಗದಲ್ಲಿ ಅದಕ್ಕಿಂತ ದೂರವೂ ನಡೆಯುತ್ತದೆ, ಜೋರು ವೇಗದಲ್ಲಿ ಅಷ್ಟು ದೂರವೂ ಕಷ್ಟ. ಮೋಟಾರಿನ ತಂತಿಯ ಪಕ್ಕದಲ್ಲೇ ಕೇಬಲ್ ಎಳೆದಿದ್ದರೆ ಬೇರೆ ಮಾಡಿ. ಕಂಪ್ಯೂಟರ್ ಮತ್ತು ಪ್ರಿಂಟರ್ ಬೇರೆ ಬೇರೆ ಕಡೆಯ ವಿದ್ಯುತ್ ಪಾಯಿಂಟಿನಲ್ಲಿದ್ದರೆ ಎರಡರ ಗ್ರೌಂಡ್ ನಡುವೆ ವೋಲ್ಟೇಜ್ ವ್ಯತ್ಯಾಸ ಇರಬಹುದು. ಪೋರ್ಟುಗಳು ಪದೇ ಪದೇ ಸುಡುತ್ತಿದ್ದರೆ ಇದರ ಮೇಲೆ ಮೊದಲ ಅನುಮಾನ. ಎರಡನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ, ಆಗದಿದ್ದರೆ ಐಸೊಲೇಟರ್ (ಎರಡರ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ಸಾಧನ) ಬಳಸಿ.

ದುರಸ್ತಿಯಾದ ಮೇಲೆ ಎರಡು ಸಾಲಿನ ಟೆಸ್ಟ್ ಪ್ರಿಂಟ್ ನೋಡಿ ಎದ್ದು ಹೋಗಬೇಡಿ. 1ರಿಂದ 500ರ ತನಕ ನಂಬರ್ ಹಾಕಿದ 500 ಸಾಲು ಕಳಿಸಿ, ಪ್ರತಿ ಸಾಲು ಸುಮಾರು 20 ಅಕ್ಷರ. ಒಟ್ಟು 10,000 ಬೈಟ್, 4096ರ ಬಫರಿನಲ್ಲಿ ಹಿಡಿಯುವುದಿಲ್ಲ. ಅಚ್ಚಾಗುತ್ತಿರುವಾಗ ನಡುವೆ ಮುಚ್ಚಳ ತೆರೆದು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಪ್ರಿಂಟರ್ ಮುಂದುವರಿಯುತ್ತದೆ. ಮುಚ್ಚಳ ತೆರೆದಾಗ ಅಚ್ಚಾಗುತ್ತಿದ್ದ ಒಂದು ಸಾಲು ಹರಕು ಮುರುಕಾಗಿ ಬಂದಿರಬಹುದು, ಅದು ಬಿಡಿ. ಅದರ ಮುಂದಿನ ನಂಬರುಗಳನ್ನು ನೋಡುತ್ತಾ ಹೋಗಿ. ಒಂದೂ ಹಾರದೆ 500ಕ್ಕೆ ಮುಟ್ಟಿದರೆ ಫ್ಲೋ ಕಂಟ್ರೋಲ್ ಕೆಲಸ ಮಾಡುತ್ತಿದೆ. 212ರಿಂದ ಸೀದಾ 390ಕ್ಕೆ ಹಾರಿದರೆ ಮತ್ತೆ 8ನೇ ಪಿನ್ನಿಗೆ ಮೀಟರ್ ಹಚ್ಚಿ.